ಮಗಳು ಆಸ್ಪತ್ರೆ ಸೇರಿದ್ದು

ನರ್ಸಿಂಗ್ ಓದಿ ಮುಗಿಸಲು ಪುಟ್ಟಿಗೆ ನಾಲ್ಕು ವರ್ಷ ಸಾಕಾಯಿತು. ಓದಿದ್ದೇನೆ ಎಂದು ನಾಲ್ಕು ಜನರೆದುರು ಹೇಳುವುದು ಮಾತ್ರ ಈ ಜನ್ಮದಲ್ಲಿ ಆಗುವಂತೆ ಕಾಣಲಿಲ್ಲ. ಆಗಲೇ ಮೂರು ಇಂಟರ್‌ವ್ಯೂ ಕೈಬಿಟ್ಟು ಹೋಗಿದ್ದವು. ಮೊದಲನೆಯದರಲ್ಲಿ ‘ನಿಮ್ಮ ಬಗ್ಗೆ ಹೇಳಿ’ ಎಂದರು. ಹುಟ್ಟಿದಾಗಿನ ತೂಕದಿಂದ ಶುರುಮಾಡಿದ ಪುಟ್ಟಿ ಮೂರನೇ ಕ್ಲಾಸಿನಲ್ಲಿ ಬಂದ ದಡಾರ ತಲುಪುವಷ್ಟರಲ್ಲಿ ‘ಸಾಕಮ್ಮ’ ಎಂದುಬಿಟ್ಟರು. ಎರಡನೆಯದರಲ್ಲಿ ಏನು ಕೇಳಿದರೂ ‘ಮೊದಲು ಕೈ ತೊಳೆದುಕೊಳ್ಳುತ್ತೇನೆ’ ಎಂದಳು. (ಉತ್ತರವೇನೂ ತಪ್ಪಲ್ಲ, ಆದರೆ ಕೇಳಿದ್ದು ತಂದೆಯ ಹೆಸರು.) ಕೊನೆಗೆ ಅವರೇ ಅವಳಿಂದ ಕೈ ತೊಳೆದುಕೊಂಡರು. ಮೂರನೆಯದರಲ್ಲಿ ಅವಳು ಬಾಯನ್ನೇ ಬಿಡಲಿಲ್ಲ.

ಉಳಿದದ್ದು ನಾಳೆಯದೊಂದು. ಅದೂ ಹೋದರೆ ಸೋಮವಾರದಿಂದ ದೊಡ್ಡಪ್ಪನ ಚಪ್ಪಲಿ ಅಂಗಡಿಯಲ್ಲಿ ಗಿಡ್ಡ ಸ್ಟೂಲಿನ ಮೇಲೆ ಕುಳಿತು ಬಂದವರ ಪಾದದ ಅಳತೆ ತೆಗೆಯುವ ಹುದ್ದೆ ಕಾದಿತ್ತು.

“ಕೆಲಸಕ್ಕೆ ಅಂತ ಎಲ್ಲರ ಕಾಲು ಹಿಡಿದಿದ್ದಾಯ್ತು. ಇನ್ನು ಕಾಲು ಹಿಡಿಯೋದೇ ಕೆಲಸ!” ಎಂದು ಪುಟ್ಟಿ ಬಿಕ್ಕಿದಳು. ಸೂಜಿ ಚುಚ್ಚಿದರೂ ಹಸುಗೂಸು ಎಚ್ಚರಗೊಳ್ಳದಷ್ಟು ಹಗುರ ಅವಳ ಕೈ. ಆ ಕೈಯನ್ನು ಯಾರೂ ನೋಡುವುದಿಲ್ಲ, ಬಾಯನ್ನೇ ನೋಡುತ್ತಾರೆ ಎಂಬುದೇ ಅವಳ ಸಂಕಟ.

“ನಾನಿರುವಾಗ ಯಾಕಮ್ಮ ಅಳ್ತೀಯಾ?” ಎಂದ ಅಪ್ಪ.

ಅಪ್ಪ ದೊಡ್ಡ ಕಚೇರಿಯೊಂದರ ನಿವೃತ್ತ ಜವಾನ. ಇಂಟರ್‌ವ್ಯೂ ಕೋಣೆಗೆ ಮೂವತ್ತು ವರ್ಷ ಕಾಫಿ ಒಯ್ದವನು. ತನ್ನಷ್ಟು ಇಂಟರ್‌ವ್ಯೂ ಕಂಡವನು ಭೂಮಂಡಲದಲ್ಲೇ ಇಲ್ಲ ಎಂಬುದು ಅವನ ದೃಢ ನಂಬಿಕೆ. ತೊಂದರೆಯೆಂದರೆ, ಕಪ್ಪು ಇಡುವಾಗ ಅವನ ಕಿವಿಗೆ ಬೀಳುತ್ತಿದ್ದದ್ದು ಪ್ರಶ್ನೆ ಮಾತ್ರ. ಉತ್ತರ ಬರುವಷ್ಟರಲ್ಲಿ ಟ್ರೇ ಸಮೇತ ಹೊರಗಿರುತ್ತಿದ್ದ. ಹಾಗಾಗಿ ಸಾವಿರ ಪ್ರಶ್ನೆ ಅವನಿಗೆ ಬಾಯಿಪಾಠ, ಉತ್ತರ ಒಂದೂ ಗೊತ್ತಿಲ್ಲ.

ಸಂಜೆ ನಡುಮನೆ ಪರೀಕ್ಷಾಮಂಟಪವಾಯಿತು. ಇಸ್ತ್ರಿ ಮೇಜಿನ ಹಿಂದೆ ಅಪ್ಪ ಮುಖ ಗಂಟು ಹಾಕಿಕೊಂಡು ಕುಳಿತ. ರೋಗಿಯ ಪಾತ್ರಕ್ಕೆ ಅಜ್ಜಿ ಯಾರೂ ಕರೆಯದೆಯೇ ಬಂದು ಮಂಚದ ಮೇಲೆ ಮಲಗಿದಳು.

“ನಿಮ್ಮ ವೀಕ್‌ನೆಸ್ ಏನು?” ಅಪ್ಪ ಗುಡುಗಿದ.

“ವೀಕ್‌ನೆಸ್ಸೂ ಇಲ್ಲ, ಗೀಕ್‌ನೆಸ್ಸೂ ಇಲ್ಲ ಅನ್ನೇ!” ಅಡುಗೆಮನೆಯಿಂದ ಅಮ್ಮ ಕೂಗಿದಳು. “ಸುಸ್ತು ಇರೋಳಿಗೆ ಯಾರು ಕೆಲಸ ಕೊಡ್ತಾರೆ?”

“ಅಯ್ಯೋ ಅಮ್ಮಾ, ಆ ವೀಕ್‌ನೆಸ್ ಅಲ್ಲ. ಗುಣದಲ್ಲಿ ಏನು ಕೊರತೆ ಅಂತ ಕೇಳ್ತಾರೆ.”

ಅಮ್ಮ ಸೌಟು ಹಿಡಿದೇ ಬಂದಳು. “ನನ್ನ ಮಗಳ ಗುಣಕ್ಕೇನು ಕೊರತೆ? ಯಾರು ಹಾಗಂದೋರು? ರೀ, ನೀವಾ?”

“ನಂಗಿದೆ ನೋಡು ವೀಕ್‌ನೆಸ್ಸು,” ಎಂದಳು ಅಜ್ಜಿ ಮಲಗಿದಲ್ಲಿಂದಲೇ. “ಮಂಡಿಯಿಂದ ಕೆಳಗೆ ಪೂರ್ತಿ. ಬರ್ಕೊಳ್ಳೇ ಪುಟ್ಟಿ.”

“ಅತ್ತೆ, ಇಂಟರ್‌ವ್ಯೂ ಅವಳದ್ದು. ನೀವು ಸುಮ್ನಿರಿ.”

“ರೋಗಿ ನಾನಲ್ವಾ? ನನ್ನನ್ನೇ ಕೇಳೋರಿಲ್ಲ ಈ ಆಸ್ಪತ್ರೇಲಿ!”

ಪುಟ್ಟಿ ತಲೆಯ ಮೇಲೆ ಕೈಹೊತ್ತು ಕುಳಿತಳು. ಕೊನೆಗೆ ತಾನೇ ಒಂದು ಉತ್ತರ ಬರೆದುಕೊಂಡಳು: ‘ಹಿಡಿದ ಕೆಲಸವನ್ನು ಅರ್ಧಕ್ಕೆ ಬಿಡಲಾರೆ, ಅದೇ ನನ್ನ ದೌರ್ಬಲ್ಯ.’ ಇದನ್ನು ಕನ್ನಡಿಗೆ ಹೇಳಿದಳು, ನಲ್ಲಿಗೆ ಹೇಳಿದಳು, ಬೆಳಿಗ್ಗೆ ತಲೆ ಬಾಚುವಾಗ ಬಾಚಣಿಗೆಗೂ ಹೇಳಿದಳು. ತಿಂಡಿ ಮಾತ್ರ ಮುಟ್ಟಲಿಲ್ಲ. ತಿಂದರೆ ಬಾಯಿಪಾಠವೂ ಅದರ ಜೊತೆ ಕೆಳಗಿಳಿದು ಹೋದೀತೆಂಬ ಭಯ.

ಆಸ್ಪತ್ರೆಯ ಉದ್ದನೆಯ ಬೆಂಚಿನಲ್ಲಿ ಅವಳು ಹನ್ನೊಂದನೆಯವಳು. ಅಪ್ಪನನ್ನು ಗೇಟಿನ ಹೊರಗೇ ನಿಲ್ಲಿಸಿದ್ದರು. ಎದೆಗೆ ಅವಚಿಕೊಂಡಿದ್ದ ಫೈಲು ಬೆವರಿಗೆ ಮೆತ್ತಗಾಗುವ ಹೊತ್ತಿಗೆ, ಮಧ್ಯಾಹ್ನ ಒಂದು ಗಂಟೆಗೆ, ಅವಳ ಹೆಸರು ಕರೆದರು. ಮೇಜಿನಾಚೆ ಮೂವರಿದ್ದರು. ನಡುವೆ ಕುಳಿತಿದ್ದ ನರ್ಸಿಂಗ್ ಸೂಪರಿಂಟೆಂಡೆಂಟ್ ಮೇಡಂ ಅವಳ ಬಿಳಿಚಿದ ಮುಖ ನೋಡಿ ಪೆನ್ನು ಕೆಳಗಿಟ್ಟರು.

“ಯಾಕಮ್ಮಾ, ವೀಕ್‌ನೆಸ್ ಏನಾದ್ರೂ ಇದೆಯಾ?”

ಬಂತು! ಕೇಳಿಯೇಬಿಟ್ಟರು! ಪುಟ್ಟಿಗೆ ಹೋದ ಜೀವ ಬಂದಂತಾಯಿತು. ಬೆನ್ನು ನೆಟ್ಟಗೆ ಮಾಡಿಕೊಂಡು, “ಇದೆ ಮೇಡಂ! ಹಿಡಿದ ಕೆಲಸವನ್ನು ಅರ್ಧಕ್ಕೆ...” ಎಂದವಳು ಆ ಮಾತನ್ನು ಅರ್ಧಕ್ಕೇ ಬಿಟ್ಟು, ಕುರ್ಚಿಯಿಂದ ಜಾರಿ, ನೆಲ ಸೇರಿದಳು.

ಕಣ್ಣು ಬಿಟ್ಟಾಗ ಹೆಂಗಸರ ವಾರ್ಡಿನ ಮಂಚದ ಮೇಲಿದ್ದಳು. ತೋಳಿಗೆ ಸಲೈನ್ ಏರುತ್ತಿತ್ತು. ಮೇಡಂ ನಾಡಿ ಹಿಡಿದು ನಿಂತಿದ್ದರು.

“ಹೊಟ್ಟೆಗೆ ಏನೂ ಹಾಕ್ಕೊಳ್ಳದೆ ಬರೋ ನರ್ಸು ರೋಗಿಗೆ ಏನಮ್ಮ ಬುದ್ಧಿ ಹೇಳ್ತಾಳೆ? ನಾಳೆವರೆಗೂ ಮಲಗಿರು. ಇದ್ದ ಒಂದು ಹುದ್ದೆಗೆ ಬೇರೆಯವರನ್ನ ತಗೊಂಡಾಯ್ತು,” ಎಂದು ಹೇಳಿ ಹೊರಟುಹೋದರು.

ಪುಟ್ಟಿ ಗೋಡೆಗೆ ಮುಖ ತಿರುಗಿಸಿದಳು. ನೆಲ ಬಾಯಿಬಿಡಬಾರದೇ ಅನ್ನಿಸಿತು. ಇರಲಿ, ಸ್ಟೂಲಾದರೂ ಇದೆಯಲ್ಲ ಎಂದು ಸಮಾಧಾನ ಮಾಡಿಕೊಳ್ಳುವಷ್ಟರಲ್ಲಿ ಬಾಗಿಲಲ್ಲಿ ಗದ್ದಲ ಕೇಳಿಸಿತು. ಮುಂದೆ ಸಿಹಿಯ ಡಬ್ಬಿ ಹಿಡಿದ ಅಪ್ಪ, ಅವನ ಹಿಂದೆ ಮದುವೆಗೆ ಹೊರಟಂತೆ ಸೀರೆ ಉಟ್ಟ ಅಮ್ಮ, ಕೊನೆಯಲ್ಲಿ ಏದುಸಿರು ಬಿಡುತ್ತಾ ಅಜ್ಜಿ.

“ಏನೇ ಇದು?” ಅಪ್ಪ ಗಾಬರಿಯಿಂದ ಪಿಸುಗುಟ್ಟಿದ. “ಮೊದಲನೇ ದಿನವೇ ಡ್ಯೂಟೀಲಿ ಮಲಗಿದ್ದೀಯಾ? ಏಳು, ಏಳು, ಯಾರಾದ್ರೂ ನೋಡಿಯಾರು!”

“ಯಾವ ಡ್ಯೂಟಿ ಅಪ್ಪಾ?”

“ಗುಮಾಸ್ತರು ಗೇಟಿಗೇ ಬಂದು ಹೇಳಿದ್ರಲ್ಲಮ್ಮ, ‘ನಿಮ್ಮ ಮಗಳನ್ನ ಸೇರಿಸ್ಕೊಂಡಿದ್ದೀವಿ’ ಅಂತ! ಅದರ ಮೇಲೆ ನಿಲ್ತೀನಾ ನಾನು? ಮನೆಗೆ ಓಡಿದೆ. ಬೀದಿಗೆಲ್ಲ ಹೇಳಿದೆ. ದೊಡ್ಡಪ್ಪಂಗೂ ಫೋನ್ ಮಾಡಿ, ‘ನಿಮ್ಮ ಸ್ಟೂಲು ನೀವೇ ಇಟ್ಕೊಳ್ಳಿ’ ಅಂದೆ. ಕೋಪ ಬಂತು ನೋಡು ಅವರಿಗೆ, ಆಗಲೇ ಬೇರೆಯವರನ್ನ ಕೂರಿಸಿದ್ದಾರಂತೆ. ಕೂರಿಸ್ಲಿ ಬಿಡು, ನಮಗೇನು!”

ಪುಟ್ಟಿ ಜೋರಾಗಿ ಅತ್ತುಬಿಟ್ಟಳು. ವಾರ್ಡಿನ ನರ್ಸು ಓಡಿಬಂದಳು. “ಯಾರ್ರೀ ಪೇಷೆಂಟ್ ಕಡೆಯವರು? ಇಷ್ಟು ಜನ ಇರಂಗಿಲ್ಲ.”

“ಪೇಷೆಂಟಾ?” ಎಂದ ಅಪ್ಪ. ಸಲೈನ್ ಬಾಟಲಿ ಅವನಿಗೆ ಕಂಡದ್ದು ಆಗಷ್ಟೇ. ಡಬ್ಬಿಯನ್ನು ಮೆಲ್ಲಗೆ ಮಂಚದ ಕೆಳಗೆ ತಳ್ಳಿದ. ಅಮ್ಮ ಸೆರಗು ಬಾಯಿಗೊತ್ತಿಕೊಂಡಳು. ಬೀದಿಯಲ್ಲಿ ಇನ್ನು ಹೇಗೆ ತಲೆಯೆತ್ತಿ ತಿರುಗುವುದು? ನಾಲ್ವರಿಗೂ ಅದೇ ಯೋಚನೆ.

“ಅಳಬೇಡಮ್ಮ,” ಎಂದ ಅಪ್ಪ ಅವಳ ತಲೆ ಸವರುತ್ತಾ. “ಹೆಂಗಿದ್ರೂ ನಾಳೆ ಡಿಸ್ಚಾರ್ಜ್ ಮಾಡ್ತಾರೆ. ಕೆಲಸ ಹಿಡಿಸ್ಲಿಲ್ಲ, ನೀನೇ ಬಿಟ್ಟು ಬಂದೆ ಅಂತ ಹೇಳೋಣ.”

ಹೀಗೆ, ಸಿಗದ ನೌಕರಿಗೆ ಪುಟ್ಟಿ ಮಲಗಿದಲ್ಲಿಂದಲೇ ರಾಜೀನಾಮೆ ಕೊಟ್ಟಳು.