ಅತ್ತೆಯ ಎಸಿ, ಭೂಮಿಯ ಜ್ವರ

ನಮ್ಮ ದೇಶದ ಸಂಧಾನಕಾರರೊಬ್ಬರು ಹವಾಮಾನ ಸಮ್ಮೇಳನ ಮುಗಿಸಿ ಮನೆಗೆ ಬಂದದ್ದು ಯುದ್ಧ ಗೆದ್ದ ಗತ್ತಿನಲ್ಲಿ. ಇನ್ನೂರರ ಹತ್ತಿರ ದೇಶಗಳನ್ನು ಒಂದು ಕಾಗದಕ್ಕೆ ಒಪ್ಪಿಸುವುದೆಂದರೆ ಕಪ್ಪೆಗಳನ್ನು ತಕ್ಕಡಿಗೆ ಹಾಕಿ ತೂಗಿದಂತೆ. 'ಮಾಡಬೇಕು' ಎನ್ನುವುದೋ 'ಮಾಡಬಹುದು' ಎನ್ನುವುದೋ ಎಂದು ಮೂರು ದಿನ ಜಗ್ಗಾಡಿ ಗಂಟಲು ಕೆಡಿಸಿಕೊಂಡಿದ್ದರು.

ಬೂಟು ಬಿಚ್ಚುವ ಮೊದಲೇ ಕಣ್ಣಿಗೆ ಬಿದ್ದದ್ದು ಅತ್ತೆಯ ಕೋಣೆಯ ಹೊಸ ಎಸಿ. ಹದಿನೆಂಟು ಡಿಗ್ರಿ! ಅತ್ತೆ ಕಂಬಳಿ ಹೊದ್ದು ಕೂತಿದ್ದರು.

"ಅತ್ತೆ, ಭೂಮಿಗೆ ಜ್ವರ ಬಂದಿದೆ. ಇದನ್ನ ಆರಿಸ್ಬೇಕು."

"ನಿಮ್ಮ ಕೋಣೆಯದು ಎಷ್ಟು ವರ್ಷದಿಂದ ಓಡ್ತಿದೆ ಅಳಿಯಂದಿರೇ?"

"ಅದು... ಒಂದು ಒಂಬತ್ತು ವರ್ಷ."

"ಒಂಬತ್ತು ವರ್ಷ ನೀವು ತಣ್ಣಗೆ ಮಲಗಿದ್ರಿ, ನಾನು ಫ್ಯಾನ್ ಕೆಳಗೆ ಬೆಂದೆ. ನನ್ನ ಸರದಿ ಬಂದ ಕೂಡಲೇ ಭೂಮಿಗೆ ಜ್ವರ ಬಂತಾ? ಮೊದಲು ಬಿಸಿ ಮಾಡಿದೋರು ಮೊದಲು ಆರಿಸ್ಲಿ!"

ಶ್ರೀಮಂತ ದೇಶಗಳ ಮುಖಕ್ಕೆ ಹೊಡೆದಂತೆ ಸಮ್ಮೇಳನದಲ್ಲಿ ಸಂಧಾನಕಾರರೇ ಆಡಿದ್ದ ಮಾತು ಅದು. (ಇಡೀ ಸಭೆ ಚಪ್ಪಾಳೆ ತಟ್ಟಿತ್ತು. ಅದನ್ನು ಹೆಂಡತಿ ತನ್ನ ತಾಯಿಗೆ ಟಿವಿಯಲ್ಲಿ ಹೆಮ್ಮೆಯಿಂದ ತೋರಿಸಿದ್ದಳು.)

"ಸರಿ, ಒಪ್ಪಂದ ಮಾಡ್ಕೊಳ್ಳೋಣ," ಎಂದು ಪೆನ್ನು ತೆಗೆದರು. ಬರೆಯಲು ಕೂತವಳು ಹೆಂಡತಿ. ಶಾಲೆಯಲ್ಲಿ ವ್ಯಾಕರಣದ ಮೇಡಂ. ಗಂಟೆಗಟ್ಟಲೆ ಹಗ್ಗಜಗ್ಗಾಟ ನಡೆದ ಮೇಲೆ ಓದಿದಳು: "ಅತ್ತೆ, ಸಾಧ್ಯವಾದರೆ, ಎಸಿ ಆರಿಸಬಹುದು. ಅಳಿಯ ಆರಿಸಬೇಕು."

"ಇದೇನೇ ಅನ್ಯಾಯ! ನೀನೂ ಅದೇ ಕೋಣೇಲಿ ಮಲಗೋದಲ್ವಾ?"

"ನಾನು ಅಮ್ಮನ ಕೋಣೆಗೆ ಹೋಗ್ತೀನಿ ರೀ. ಒಂದು ಎಸಿ, ಇಬ್ಬರಿಗೆ ತಂಪು. ಭೂಮಿಗೂ ಒಳ್ಳೇದು," ಎಂದವಳೇ ದಿಂಬು ಎತ್ತಿಕೊಂಡು ಹೊರಟುಬಿಟ್ಟಳು.

ಸಹಿ ಹಾಕದೆ ಗತಿಯಿರಲಿಲ್ಲ. 'ಬದಲಾವಣೆ ಮನೆಯಿಂದಲೇ' ಎಂದು ಪತ್ರಿಕೆಯವರ ಮುಂದೆ ಆಗಲೇ ಬೊಗಳೆ ಬಿಟ್ಟಾಗಿತ್ತು. ಊಟ ಮುಗಿಸಿ ತಮ್ಮ ಕೋಣೆಯಲ್ಲಿ ಅಡ್ಡಾದರು. ಫ್ಯಾನು ಬಿಸಿಗಾಳಿಯನ್ನು ಮಜ್ಜಿಗೆಯಂತೆ ಕಡೆಯುತ್ತಿತ್ತು. ಬನಿಯನ್ ಬೆನ್ನಿಗೆ ಅಂಟಿತು. ಪಕ್ಕದ ಕೋಣೆಯಿಂದ ತಾಯಿ–ಮಗಳ ನಗು ತಣ್ಣಗೆ ತೇಲಿ ಬಂತು. ಇಪ್ಪತ್ತು ನಿಮಿಷ ತಡೆದರು. ಆಮೇಲೆ ಎದ್ದು ಹೋಗಿ ಬಾಗಿಲು ತಟ್ಟಿದರು.

"ಯಾರು?"

"ನಾನೇ ಅತ್ತೆ... ಸಮ್ಮೇಳನದಲ್ಲಿ ಇರ್ತಾರಲ್ಲ, ಹಾಗೆ ಸುಮ್ನೆ ವೀಕ್ಷಕನಾಗಿ ಒಳಗೆ ಬರಬಹುದಾ?"

ಒಳಗೆ ಗುಸುಗುಸು ಸಮಾಲೋಚನೆ ನಡೆಯಿತು.

"ಬನ್ನಿ, ಬನ್ನಿ," ಎಂದರು ಅತ್ತೆ. "ಚಾಪೆ ನೀವೇ ತನ್ನಿ, ನೆಲದ ಮೇಲೆ ಮಲಗಿ. ಆದ್ರೆ ಒಂದು ಮಾತು, ವೀಕ್ಷಕರು ಬಾಯಿ ಬಿಡೋ ಹಾಗಿಲ್ಲ!"