ರೇಷ್ಮೆ ಹುಳುವಿನ ಹೊಟ್ಟೆಯೂ ಅಳಿಯನ ಮಾನವೂ

ಓದಿದ ಅಳಿಯನಿಗೆ ಅತ್ತೆ ಮನೆಯಲ್ಲಿ ಮರ್ಯಾದೆ ಉಳಿಯುವುದು ಅವನ ಓದು ಯಾರಿಗೂ ಬೇಕಾಗದಿರುವವರೆಗೆ ಮಾತ್ರ. ಹೊಳೆನರಸೀಪುರದಲ್ಲಿ ಇಪ್ಪತ್ತು ವರ್ಷದಿಂದ ಪ್ರಾಣಿಶಾಸ್ತ್ರ ಪಾಠ ಮಾಡುತ್ತಿರುವ ನನಗೆ ಕಟ್ಟಾಯದ ಅತ್ತೆ ಮನೆಯಲ್ಲಿ ಆ ಮರ್ಯಾದೆ ಭದ್ರವಾಗಿತ್ತು. "ಉಳಾ ಉಪ್ಟೆ ಎಲ್ಲಾ ಓದ್ಕಂಡವ್ರೆ" ಎಂದು ಅತ್ತೆ ಪುಟ್ಟಮ್ಮ ನನ್ನ ಒಬ್ಬಟ್ಟಿಗೆ ಇನ್ನೊಂದು ಚಮಚ ತುಪ್ಪ ಸುರಿಯುತ್ತಿದ್ದರು.

ಅವರದು ರೇಷ್ಮೆಯ ಬಿತ್ತನೆ ಮೊಟ್ಟೆ ಮಾಡುವ ಮನೆ. ಗೂಡು ಕತ್ತರಿಸಿ, ಒಳಗಿನ ಪ್ಯೂಪಾ ತೆಗೆದು, ಅದು ಚಿಟ್ಟೆಯಾಗಿ ಏಳುವ ಮೊದಲೇ ಗಂಡು ಹೆಣ್ಣುಗಳನ್ನು ಬೇರೆ ತಟ್ಟೆಗೆ ಹಾಕಬೇಕು. ಹಳದಿ ಗೂಡಿನ ಹೆಣ್ಣಿಗೆ ಬಿಳಿ ಗೂಡಿನ ಗಂಡೇ ಆಗಬೇಕು. ಸ್ವಜಾತಿಯ ಗಂಡು ಕೂಡಿದರೆ ಆ ಮೊಟ್ಟೆ ಬಿತ್ತನೆಗೆ ಬಾರದು. ನನ್ನ ಜಾತಕವನ್ನು ಮೂರು ಸಲ ನೋಡಿಸಿದ್ದ ಅತ್ತೆ, ಹುಳುಗಳ ಅಂತರ್ಜಾತಿ ವಿವಾಹಕ್ಕೆ ಮಾತ್ರ ತಾವೇ ಮುಂದೆ ನಿಲ್ಲುತ್ತಿದ್ದರು. ಈ ದಸರಾ ರಜೆಯಲ್ಲಿ ಅವರು ಕಣ್ಣಿನ ಪೊರೆ ತೆಗೆಸಿಕೊಂಡು ಕಪ್ಪು ಕನ್ನಡಕದಲ್ಲಿ ಕೂತಿದ್ದರಿಂದ ಕೆಲಸ ನನ್ನ ತಲೆಗೆ ಬಂತು.

"ಒಂದ್ ಗಂಡು ತಪ್ಪಿ ಸೇರ್ಕಂಡ್ರೂ ಇಡೀ ತಟ್ಟೆ ತಿಪ್ಪೆಗೇ ಓಯ್ತದೆ ಕಣಪ್ಪ" ಎಂದರು.

ನಾನು ಬಿಡುತ್ತೇನೆಯೇ? ಉಪನ್ಯಾಸವನ್ನೇ ಶುರುಮಾಡಿದೆ. ಕೀಟದ ಹೊಟ್ಟೆ ಉಂಗುರ ಉಂಗುರವಾಗಿರುತ್ತದೆ, ಪಕ್ಕದ ರಂಧ್ರಗಳಿಂದ ಅದು ಉಸಿರಾಡುತ್ತದೆ, ಅನ್ನ ಅರಗುವುದೂ ಮೊಟ್ಟೆ ಬಲಿಯುವುದೂ ಅಲ್ಲೇ, ಗಂಡು ಹೆಣ್ಣಿನ ಗುರುತಿರುವುದು ಅದರ ತುದಿಯಲ್ಲಿ. ನಿಜ ಹೇಳುತ್ತೇನೆ, ತರಗತಿಯಲ್ಲಿ ಸಂತಾನೋತ್ಪತ್ತಿಯ ಭಾಗ ಬಂದಾಗಲೆಲ್ಲ ನಾಚಿಕೆಯಿಂದ ನೋಟ್ಸು ಬರೆಸಿ "ಮನೆಯಲ್ಲಿ ಓದಿಕೊಳ್ಳಿ" ಎಂದುಬಿಡುತ್ತಿದ್ದೆ. ಆ ನೋಟ್ಸಿನಂತೆ ಚುಕ್ಕಿ ಇದ್ದರೆ ಹೆಣ್ಣು, ಗುಣಾಕಾರದ ಗುರುತಿದ್ದರೆ ಗಂಡು. ಭೂತಗನ್ನಡಿ ಹಿಡಿದು ಕತ್ತು ಹಿಡಿದುಕೊಳ್ಳುವವರೆಗೆ ಆರಿಸಿದೆ.

ಸಂಜೆ ಅತ್ತೆ ಬಂದು ನನ್ನ ಗಂಡಿನ ತಟ್ಟೆಯಿಂದ ಒಂದನ್ನು ಅಂಗೈಯಲ್ಲಿ ತೂಗಿದರು. "ಇದ್ಯಾವ್ದಪ್ಪ?"

"ಗಂಡು."

"ಒಟ್ಟೆ ತುಂಬ ಮೊಟ್ಟೆ ಒತ್ಕಂಡಿರೋ ಗಂಡ್ನ ನಾ ಕಂಡಿಲ್ಲ ಕಣಪ್ಪ!"

ನನಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಅತ್ತೆ ಇನ್ನೂ ಹತ್ತಾರನ್ನು ತೂಗಿ ನೋಡಿ ಸಮಾಧಾನ ಹೇಳಿದರು: "ಈ ತಟ್ಟೇಲಿ ಎಲ್ಲಾ ಬಾರ, ಆ ತಟ್ಟೇಲಿ ಎಲ್ಲಾ ಅಗುರ. ಎಸ್ರು ಅದಲುಬದಲು, ಅಷ್ಟೆಯಾ. ಎದ್ದಾಗ ಗೊತ್ತಾಯ್ತದೆ, ಇರು."

ಮೂರನೆಯ ದಿನ ಬೆಳಕು ಹರಿಯುತ್ತಲೇ ಚಿಟ್ಟೆಗಳು ಎದ್ದವು. ಒಂದು ತಟ್ಟೆಯಲ್ಲಿ ಹೆಣ್ಣುಗಳು ಹೊಟ್ಟೆಯ ತುದಿಯಿಂದ ವಾಸನೆ ಬಿಡುತ್ತ ರಾಣಿಯರಂತೆ ಕುಳಿತಿದ್ದವು. ಇನ್ನೊಂದರಲ್ಲಿ ಗಂಡುಗಳು ಹುಚ್ಚೆದ್ದು ರೆಕ್ಕೆ ಬಡಿಯುತ್ತಿದ್ದವು. ಎರಡರಲ್ಲೂ ಹುಡುಕಿದರೂ ಒಂದೇ ಒಂದು ಜೋಡಿಯಿಲ್ಲ! ನಾನು ಅಂಗಳದಲ್ಲಿ ಕುಣಿದೇಬಿಟ್ಟೆ. "ನಮ್ಮ ಅಳಿಯಂದ್ರು ಗೆದ್ಬುಟ್ರು ಕಣ್ರೇ" ಎಂದು ಅತ್ತೆ ಬೀದಿಗೆಲ್ಲ ಕೇಳುವಂತೆ ಕೂಗಿದರು. ಅಂದಿನ ತುಪ್ಪಕ್ಕೆ ಲೆಕ್ಕವಿರಲಿಲ್ಲ.

ಆ ಹುಮ್ಮಸ್ಸಿನಲ್ಲೇ ಅರಕಲಗೂಡಿನಲ್ಲಿ ಮೇಷ್ಟರಾಗಿರುವ ನನ್ನ ಹಳೆಯ ವಿದ್ಯಾರ್ಥಿಗೆ ಫೋನು ಮಾಡಿ, ಒಂದೂ ತಪ್ಪದೆ ಆರಿಸಿದ ಕಥೆಯನ್ನು ವರ್ಣಿಸಿದೆ. ಹೆಸರು ಅದಲುಬದಲಾದ ಸಂಗತಿ ಮಾತ್ರ ನೆನಪಿಗೆ ಬರಲಿಲ್ಲ.

"ನೀವು ತಪ್ತೀರಾ ಸಾ?" ಎಂದ ಅವನು ಭಕ್ತಿಯಿಂದ. "ನಮ್ಮ ಮಕ್ಳಿಗೆ ಇವತ್ತಿಗೂ ನಿಮ್ಮ ನೋಟ್ಸೇ ಬರೆಸ್ತಿರೋದು. ಒಂದಕ್ಷರ ಬದಲಾಯಿಸಿಲ್ಲ!"

ಸಿಗ್ನಲ್ ಸರಿಯಿಲ್ಲ ಎಂದು ಹೇಳಿ ಫೋನಿಟ್ಟೆ.