ತೂಕ ನುಂಗಿದ ಫೈಲಿನ ವಿಳಾಸ

ದುರ್ಗದ ಸುತ್ತಮುತ್ತ ವೇಬ್ರಿಡ್ಜ್‌ಗಳಿಗೆ, ಅಂದರೆ ಲಾರಿ ತೂಗುವ ಕಡೆಗೆಲ್ಲ, ಸಾಫ್ಟ್‌ವೇರ್ ಹಾಕಿಕೊಟ್ಟು ತಿರುಗುವವನು ನಾನು. ವಾರಕ್ಕೊಂದಾದರೂ ಇಂಥದ್ದು ಗಂಟು ಬೀಳುತ್ತದೆ. ನಮ್ಮ ಪ್ರೋಗ್ರಾಮಿನಲ್ಲಿ ಚೀಟಿ ಮುದ್ರಿಸುವುದಕ್ಕೇ ಒಂದು ಪುಟ್ಟ ಫೈಲಿದೆ. ಹೊಸ ಪ್ರಿಂಟರುಗಳು ಬಂದ ಮೇಲೆ ಅದರ ಹಳೇ ವರ್ಷನ್ ಚೀಟಿಯ ಕೊನೇ ಸಾಲನ್ನು ನುಂಗತೊಡಗಿತು. ಕೊನೇ ಸಾಲಿನಲ್ಲಿ ಇರುವುದೇ ತೂಕ!

ಹೊಳಲ್ಕೆರೆಯ ಹೊಸ ವರ್ಷನ್

ಹೊಳಲ್ಕೆರೆಯ ಮಾಲೀಕರಿಗೆ ಫೋನ್ ಮಾಡಿದೆ.

"ಚೀಟಿ ಫೈಲು ಎಲ್ಲಿದೆ, ಯಾವ ವರ್ಷನ್ ಇದೆ, ನೋಡಿ ಹೇಳ್ತೀರಾ ಸಾರ್?"

"ಟೇಬಲ್ ಮೇಲೇ ಐತ್ರಿ. ಹೊಸಾದು."

"ಹೊಸದು ಅಂತ ಹೇಗೆ ಗೊತ್ತಾಯ್ತು?"

"ಮೇಲಿನ ಪ್ಲಾಸ್ಟಿಕ್ಕೇ ಇನ್ನೂ ಬಿಚ್ಚಿಲ್ಲ ಕಣ್ರಿ!"

ಹಿರಿಯೂರಿನ ತೂಕ

ಇವರನ್ನು ಕೇಳಿ ಪ್ರಯೋಜನವಿಲ್ಲ, ಪ್ರೋಗ್ರಾಮನ್ನೇ ಕೇಳೋಣ ಎಂದುಕೊಂಡು ನಾಲ್ಕು ಸಾಲು ಕೋಡ್ ಬರೆದೆ. ಚೀಟಿ ಫೈಲನ್ನು ಯಾವ ಫೋಲ್ಡರಿನಿಂದ ಎತ್ತಿಕೊಂಡೆ, ಅದರ ವರ್ಷನ್ ಎಷ್ಟು ಎಂದು ಪ್ರೋಗ್ರಾಮೇ ಪರದೆಯ ತಲೆಯ ಮೇಲೆ ತೋರಿಸಬೇಕು. ಹೊಸ ವರ್ಷನ್ನಿನ ನಂಬರು 2.5. ನನಗೋ ಹೆಮ್ಮೆ, ಅಕ್ಷರ ಸ್ವಲ್ಪ ದಪ್ಪಗೇ ಇಟ್ಟಿದ್ದೆ.

ಅದನ್ನು ಹಾಕಲು ಹಿರಿಯೂರಿಗೆ ಹೋದೆ. ಅಲ್ಲಿನ ಮಾಲೀಕರು ತಲೆಮಾರುಗಳಿಂದ ವ್ಯಾಪಾರ ಮಾಡಿಕೊಂಡು ಬಂದ ಸಾಹೇಬರು. ನಾನು ಕೋಡ್ ಹಾಕಿ ಮುಗಿಸುತ್ತಿದ್ದಂತೆ, ಧರ್ಮಪುರದ ಕಡೆಯಿಂದ ಕಡಲೆಕಾಯಿ ತಂದ ಲಾರಿ ಡ್ರೈವರ್ ಕಿಟಕಿಯಲ್ಲಿ ಇಣುಕಿ ಪರದೆ ನೋಡಿ ಕೂಗಾಡಿದ.

"ಏನ್ ಸಾಬ್ರೆ ಇದು? ಎಂಟು ಟನ್ ಮಾಲು ತಂದಿದೀನಿ, ಎರಡೂವರೆ ಅಂತ ತೋರಿಸ್ತೈತೆ!"

ಸಾಹೇಬರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಹೇಳಿದರು: "ಅದು ನಿನ್ ಮಾಲಿನ ತೂಕ ಅಲ್ಲಪ್ಪಾ. ಈ ಇಂಜಿನಿಯರ್ ಕೆಲಸದ್ದು."

ಹೊಸದುರ್ಗದ ದೇವರು

ಹೊಸದುರ್ಗದಲ್ಲಿ ಮಾತ್ರ ನನಗೆ ನಗು ಬರಲಿಲ್ಲ. ಅಲ್ಲಿನ ಮಾಲೀಕರ ಮಗಳನ್ನು ನಮ್ಮ ಮನೆಯವರು ನನಗೆ ಕೇಳಿದ್ದರು. ಹುಡುಗಿ ಒಪ್ಪಿದ್ದಳು, ನಾನಂತೂ ಯಾವಾಗಲೋ ಒಪ್ಪಿಯಾಗಿತ್ತು. ಆದರೆ ನಾನು ಎಷ್ಟು ಸಲ ಹೊಸ ಫೈಲು ಹಾಕಿ ಬಂದರೂ ಅವರ ಚೀಟಿಯಲ್ಲಿ ತೂಕ ಬರುತ್ತಿರಲಿಲ್ಲ.

"ಈ ಕಂಪ್ಯೂಟರ್ ಡಬ್ಬಿ ಒಳಗಿರೋ ಫೈಲೇ ಸಿಗವಲ್ದು ನಿಮ್ಗೆ. ಮಗಳನ್ನ ಹೆಂಗ್ರಿ ಕೊಡಾಣ?" ಎಂದರು.

ನನ್ನ ನಾಲ್ಕು ಸಾಲಿನ ಕೋಡನ್ನು ಅಲ್ಲಿಯೂ ಓಡಿಸಿದೆ. ಫೈಲು ಕೂತಿದ್ದ ಜಾಗ ಪರದೆಯ ಮೇಲೆ ಬಂತು. ಫೋಲ್ಡರಿನ ಹೆಸರು "ದೇವರು"!

"ಇದೇನ್ ಸಾರ್?"

"ಆಯುಧಪೂಜೆ ದಿನ ಮಿಷನ್ನಿಗೆಲ್ಲ ಕುಂಕುಮ ಹಚ್ಚಿದ್ವಿ. ಪ್ರೋಗ್ರಾಮಿಗೆ ಎಲ್ಲಿ ಹಚ್ಚಾದು? ಅದ್ಕೇ ಒಂದು ಕಾಪಿ ಮಾಡಿ ದೇವರ ಹೆಸ್ರಲ್ಲಿಟ್ಟು ಮಂಗಳಾರತಿ ಎತ್ತಿದ್ವಿ. ಆಮೇಲೆ ದಿನಾ ಕೆಲಸಕ್ಕೆ ಪೂಜೆ ಆಗಿರೋದನ್ನೇ ಓಪನ್ ಮಾಡಾದು."

ನಾನು ಹಾಕಿದ ಹೊಸ ಫೈಲುಗಳೆಲ್ಲ ಪೂಜೆಯಾಗದ ಕಡೆ ಸುಮ್ಮನೆ ಕೂತಿದ್ದವು. ಅವರು ಪರದೆಗೆ ಕೈ ಮುಗಿದು ನಿಂತರು, ನಾನು "ದೇವರು" ಫೋಲ್ಡರನ್ನು ಅಳಿಸಿದೆ. ಮುಂದಿನ ಚೀಟಿಯಲ್ಲಿ ತೂಕ ಬಂತು. ಒಳಗಿನಿಂದ ಕಾಫಿಯೂ ಬಂತು, ತಂದವಳು ಹುಡುಗಿ.

ಮದುವೆಯಾದ ಮೇಲೆ

ಮುಂದಿನ ಆಯುಧಪೂಜೆ ಮುಗಿದ ಮರುದಿನವೇ ಮಾವನವರ ಫೋನ್.

"ಅಳಿಯಂದ್ರೇ, ತೂಕ ಮತ್ತೆ ಹೋತು."

"ಪರದೆ ಮೇಲೆ ಫೋಲ್ಡರ್ ಹೆಸರು ಏನಿದೆ ಓದಿ ಮಾವ."

"ಅದು..." ಎಂದು ಮಾವ ರಾಗ ಎಳೆದರು.

"ಮತ್ತೆ ದೇವರಾ?"

"ಇಲ್ಲಪ್ಪ. ನೀವು ಅವತ್ತು ದೇವರನ್ನ ಕಸದ ಬುಟ್ಟಿಗೆ ಹಾಕಿ ಹೋದ್ರಲ್ಲ, ನಂಗೆ ಮನಸ್ಸು ತಡೀಲಿಲ್ಲ. ಎತ್ತಿಟ್ಕಂಡಿದ್ದೆ. ನಿನ್ನೆ ಪೂಜೆ ಮಾಡಿ ಹೆಸ್ರು ಬದಲಾಯಿಸ್ದೆ."

"ಏನಂತ?"

"‘ಅಳಿಯ’ ಅಂತ. ಇದನ್ನಾದ್ರೂ ನೀವು ಅಳಿಸಲ್ಲ ಅಂದ್ಕಂಡೆ!"